ನೆಲಮಾಳಿಗೆಯವರ ಲಸಿಕೆ

ಹೈದರಾಬಾದಿನ ನಾರಾಯಣಗೂಡದ ಒಂದು ಖಾಸಗಿ ಆಸ್ಪತ್ರೆಯಲ್ಲಿ ವಿಜಯಶ್ರೀ ಸೋಂಕು ನಿಯಂತ್ರಣದ ನರ್ಸ್ ಆಗಿದ್ದಳು. ರೋಗಿಗಳಿಂದ ಸಿಬ್ಬಂದಿಗೆ, ಸಿಬ್ಬಂದಿಯಿಂದ ರೋಗಿಗಳಿಗೆ ಕಾಯಿಲೆ ದಾಟದಂತೆ ನೋಡಿಕೊಳ್ಳುವುದು ಅವಳ ಕೆಲಸ. ಕೈ ತೊಳೆಯಿರಿ, ಬಳಸಿದ ಸೂಜಿಯನ್ನು ಹಾಸಿಗೆಯ ಮೇಲೆ ಬಿಡಬೇಡಿ ಎಂದು ದಿನವೂ ಹೇಳಿದ್ದನ್ನೇ ಹೇಳುತ್ತ ವಾರ್ಡಿನಿಂದ ವಾರ್ಡಿಗೆ ತಿರುಗುವವಳನ್ನು ಯಾರೂ ಅಕ್ಕರೆಯಿಂದ ಕಾಣುತ್ತಿರಲಿಲ್ಲ. ಅವಳು ಬರುವುದು ಕಂಡರೆ ಡಾಕ್ಟರುಗಳು ಫೋನ್ ತೆಗೆದು ಕಿವಿಗೆ ಹಿಡಿಯುತ್ತಿದ್ದರು.

ಅವಳ ತಂದೆ ರಾಯಚೂರಿನವರು. ನೌಕರಿಗೆಂದು ಬಂದು ಹೈದರಾಬಾದಿನಲ್ಲೇ ಉಳಿದವರು. ವಿಜಯಶ್ರೀ ಇಲ್ಲೇ ಹುಟ್ಟಿ ಬೆಳೆದವಳು. ವಾರ್ಡುಗಳಲ್ಲಿ ಅವಳ ಮಾತು ತೆಲುಗು, ಇಲ್ಲವೇ ಹಿಂದಿ. ಮನೆ ಬಿಟ್ಟರೆ ಕನ್ನಡ ಮಾತಾಡುತ್ತಿದ್ದದ್ದು ಹೆಚ್ಚಾಗಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಪಕ್ಕ ಕಸ ಗುಡಿಸುವವರು, ಚೀಲ ಎತ್ತುವವರು, ರಕ್ತ ಒರೆಸುವವರು ಕೂತು ಬುತ್ತಿ ಬಿಚ್ಚುತ್ತಿದ್ದರು. ಬಹುತೇಕ ಎಲ್ಲರೂ ರಾಯಚೂರು, ಯಾದಗಿರಿ ಕಡೆಯ ಹೆಂಗಸರು. ಗಂಡಂದಿರು ಕಟ್ಟಡದ ಕೆಲಸಕ್ಕೆ ಬಂದರೆ ಇವರು ಆಸ್ಪತ್ರೆಗೆ ಸೇರಿಕೊಂಡಿದ್ದರು.

ಡಾಕ್ಟರು, ನರ್ಸು, ಲ್ಯಾಬಿನವರು ಕೆಲಸಕ್ಕೆ ಸೇರಿದ ಕೂಡಲೇ ಹೆಪಟೈಟಿಸ್ ಬಿ ಲಸಿಕೆ ಕೊಡುವ ಪದ್ಧತಿ ಆಸ್ಪತ್ರೆಯಲ್ಲಿ ಮೊದಲಿನಿಂದ ಇತ್ತು. ರಕ್ತದಿಂದ ರಕ್ತಕ್ಕೆ ಹರಡಿ ಯಕೃತ್ತನ್ನು ಹಿಡಿಯುವ ರೋಗ ಅದು. ಸೋಂಕಿದ ಸೂಜಿ ಒಮ್ಮೆ ಚುಚ್ಚಿದರೆ ಸಾಕು. ಆದರೆ ನೆಲಮಾಳಿಗೆಯವರಿಗೆ ಆ ಲಸಿಕೆ ಇರಲಿಲ್ಲ. ಅದನ್ನು ಕೇಳಿಕೊಂಡು ವಿಜಯಶ್ರೀ ಆಡಳಿತಾಧಿಕಾರಿ ಪ್ರಾಣೇಶನ ಕೋಣೆಗೆ ಎಷ್ಟು ಸಲ ಹೋದಳೋ.

"ನೋಡ್ರಿ ಸಿಸ್ಟರ್, ಅವರು ನಮ್ಮ ಸ್ಟಾಫ್ ಅಲ್ಲ. ಏಜೆನ್ಸಿ ಮಂದಿ," ಎನ್ನುತ್ತಿದ್ದ ಪ್ರಾಣೇಶ. ಅವನದೂ ಕನ್ನಡದ ಮನೆ. ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿದವರ ಮಗ. ಎಂದೂ ದನಿ ಎತ್ತುತ್ತಿರಲಿಲ್ಲ. "ಇವತ್ತು ಇರ್ತಾರ, ನಾಳೆ ಊರಿಗೆ ಹೋಗ್ತಾರ. ಮೂರು ಡೋಸ್ ಮುಗಿಯೋ ತನಕಾ ಯಾರು ಉಳೀತಾರ ಹೇಳ್ರಿ."

"ಸೂಜಿ ಚುಚ್ಚೂದು ಅವರಿಗೇ ಹೆಚ್ಚರಿ ಸರ್. ನಾವು ಬಿಸಾಕಿದ್ದು ಎತ್ತೋರು ಅವರು."

"ಖರೇ ಅದ. ಆದ್ರ ಅದು ಏಜೆನ್ಸಿ ನೋಡ್ಕೋಬೇಕಾದ ಮಾತು."

ಏಜೆನ್ಸಿಯವರನ್ನು ಕೇಳಿದರೆ ಅದು ಆಸ್ಪತ್ರೆಯವರು ನೋಡಬೇಕಾದ ಮಾತು ಎನ್ನುತ್ತಿದ್ದರು. ಹೀಗೇ ಎರಡು ವರ್ಷ ಕಳೆಯಿತು. ಕೊನೆಗೆ ಆಸ್ಪತ್ರೆಗೆ ಗುಣಮಟ್ಟದ ಮಾನ್ಯತೆ ಬೇಕಾಯಿತು. ತಪಾಸಣೆಗೆ ಬರುವವರು ಕಸ ಎತ್ತುವವರ ಲಸಿಕೆಯನ್ನೂ ಕೇಳುತ್ತಾರೆ ಎಂದು ಗೊತ್ತಾದ ಮೇಲೆ ಒಂದೇ ವಾರದಲ್ಲಿ ಮಂಜೂರಾತಿ ಬಂತು. ಯಾಕೆ ಬಂತು ಎಂಬುದನ್ನು ವಿಜಯಶ್ರೀ ಕೆದಕಲು ಹೋಗಲಿಲ್ಲ. ಬಂತಲ್ಲ ಎಂದು ನೆಲಮಾಳಿಗೆಗೆ ಓಡಿದಳು.

ಅಲ್ಲಿಯವರು ಒಪ್ಪಬೇಕಾದರೆ ಮೊದಲು ಗದಿಗೆಮ್ಮ ಒಪ್ಪಬೇಕಿತ್ತು. ಲಿಂಗಸುಗೂರು ಕಡೆಯವಳು, ಮೂವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಹೊಸದಾಗಿ ಬಂದವರಿಗೆ ಕೋಣೆ ಹುಡುಕಿಕೊಡುವುದು, ಸೂಪರ್‌ವೈಸರನ ಜೊತೆ ಜಗಳ ತೆಗೆಯುವುದು ಎಲ್ಲ ಅವಳೇ.

"ರೋಗ ಇಲ್ಲದವರಿಗೆ ಯಾಕ ಸೂಜಿ ಹಾಕ್ತೀರಿ ಅಕ್ಕಾರ?" ಎಂದಳು ಗದಿಗೆಮ್ಮ. "ನಮ್ಮ ಮ್ಯಾಲ ಏನರ ಹೊಸ ಔಷಧ ಪರೀಕ್ಷೆ ಮಾಡಾಕ ಹಾಕ್ತಾರಂತ ಹೇಳಾಕತ್ತಾರ ಎಲ್ಲಾರೂ."

"ಇದನ್ನ ನಾನೂ ಹಾಕ್ಸಿಕೊಂಡೀನಿ. ಮ್ಯಾಲಿನ ಡಾಕ್ಟರ್ ಮಂದೀನೂ ಹಾಕ್ಸಿಕೊಂಡಾರ. ಅವರಿಗೆ ಹಾಕಿದ್ದೇ ನಿಮಗೂ ಹಾಕೂದು."

"ಅವರಿಗೆ ಹಾಕಿದ್ದೇ?"

"ಅದೇ."

"ನೀವ ಹಾಕೂದಾದ್ರ ಹಾಕ್ಸಿಕೊಂತೀನಿ," ಎಂದು ಗದಿಗೆಮ್ಮ ಸೀರೆಯ ಸೆರಗನ್ನು ತೋಳಿನಿಂದ ಸರಿಸಿದಳು. ಪಕ್ಕದಲ್ಲಿದ್ದ ಅವಳ ನಾದಿನಿ ಸುವರ್ಣಾ ನಕ್ಕಳು. ಸೂಜಿ ಇನ್ನೂ ಬಂದೇ ಇರಲಿಲ್ಲ.

ಲಸಿಕೆಯ ಸೀಸೆಗಳು ಬಂದಾಗ ವಿಜಯಶ್ರೀ ಅವನ್ನು ಆಸ್ಪತ್ರೆಯ ಔಷಧಿ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸಬೇಕೆಂದು ಪ್ರಾಣೇಶನಿಗೆ ಹೇಳಿದ್ದಳು. ಇನ್ಸುಲಿನ್ನಿಗೇ ಜಾಗ ಸಾಲುತ್ತಿಲ್ಲ ಎಂದು ಅಂಗಡಿಯವನು ಗೊಣಗಿದ. "ನಾ ವ್ಯವಸ್ಥಾ ಮಾಡಸ್ತೀನಿ, ನೀವು ತಲಿ ಕೆಡಿಸ್ಕೋಬ್ಯಾಡ್ರಿ," ಎಂದು ಪ್ರಾಣೇಶ ಅವಳನ್ನು ಕಳಿಸಿದ. ಪ್ರತಿ ಸಲ ಲಸಿಕೆಯ ದಿನ ಏಜೆನ್ಸಿಯ ಸೂಪರ್‌ವೈಸರ್ ಅಮರಯ್ಯ ಐಸಿನ ಡಬ್ಬದಲ್ಲಿ ಸೀಸೆಗಳನ್ನು ತಂದು ಅವಳ ಮೇಜಿನ ಮೇಲೆ ಇಡುತ್ತಿದ್ದ. ಅಂಗಡಿಯಿಂದಲೇ ತಂದಿದ್ದಾನೆ ಎಂದುಕೊಂಡು ಅವಳು ಒಬ್ಬೊಬ್ಬರನ್ನೇ ಕರೆದು ಚುಚ್ಚಿದಳು. ಮೊದಲ ಡೋಸು, ತಿಂಗಳ ಮೇಲೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಯಾರೂ ಊರಿಗೆ ಓಡಿಹೋಗಲಿಲ್ಲ. ಮೂರನೆಯ ಡೋಸಿನ ದಿನ ಗದಿಗೆಮ್ಮ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದಳು. ಅಷ್ಟು ವರ್ಷಗಳ ನೌಕರಿಯಲ್ಲಿ ತಾನು ಮಾಡಿದ ಒಂದು ಒಳ್ಳೆಯ ಕೆಲಸ ಇದು ಎಂದು ವಿಜಯಶ್ರೀಗೆ ಅನಿಸಿತ್ತು.

ಅದಾದ ಕೆಲವು ವಾರಗಳಿಗೆ ಐಸಿಯುವಿನಿಂದ ಬಂದ ಹಾಸಿಗೆ ಬಟ್ಟೆಯ ಗಂಟು ಬಿಚ್ಚುವಾಗ ಗದಿಗೆಮ್ಮನ ಹೆಬ್ಬೆರಳಿಗೆ ಸೂಜಿ ಚುಚ್ಚಿತು. ಯಾರೋ ರಕ್ತ ತೆಗೆದು ಚಾದರದಲ್ಲೇ ಬಿಟ್ಟಿದ್ದ ಸೂಜಿ. ಅವಳು ನಲ್ಲಿಯ ಕೆಳಗೆ ಬೆರಳು ಹಿಡಿದು ತೊಳೆದು, ಬಟ್ಟೆಯ ಚೂರು ಸುತ್ತಿ ಕೆಲಸ ಮುಂದುವರಿಸಿದಳು. ಸುವರ್ಣಾ, ಸಿಸ್ಟರಿಗೆ ಹೇಳೋಣ ಎಂದಿದ್ದಕ್ಕೆ, "ಲಸಿಕಿ ಆಗೇತಲ್ಲ, ಇನ್ನೇನು ಆಕ್ಕೇತಿ?" ಎಂದಳಂತೆ. ಅವತ್ತೇ ಹೇಳಿದ್ದರೆ ಆ ರೋಗಿಯ ರಕ್ತ ನೋಡಬಹುದಿತ್ತು, ಗದಿಗೆಮ್ಮನದನ್ನೂ ನೋಡಬಹುದಿತ್ತು, ತಕ್ಷಣ ಕೊಡುವ ಬೇರೆ ಚುಚ್ಚುಮದ್ದು ಇತ್ತು. ಲಸಿಕೆಯ ಮೇಲಿನ ನಂಬಿಕೆಯೇ ಅವಳನ್ನು ಸುಮ್ಮನಿರಿಸಿತು.

ಮೂರು ತಿಂಗಳು ಕಳೆದ ಮೇಲೆ ಅವಳಿಗೆ ಅನ್ನ ಸೇರದಾಯಿತು. ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಕಣ್ಣು ಹಳದಿಯಾದಾಗ ಗಂಡ ತಾಯಪ್ಪ, ಇದು ಕಾಮಣಿ, ದವಾಖಾನೆಯಲ್ಲಿ ಇದಕ್ಕೆ ಔಷಧ ಇಲ್ಲ ಎಂದು ಬೇಗಂ ಬಜಾರಿನಿಂದ ನೆಲನೆಲ್ಲಿಯ ಪುಡಿ ತಂದು ಮಜ್ಜಿಗೆಯಲ್ಲಿ ಕುಡಿಸಿದ. ಒಂದು ಮುಂಜಾನೆ ಅವಳಿಗೆ ಮಾತು ತೊದಲತೊಡಗಿತು. ಅವನು ಆಟೋದಲ್ಲಿ ಹಾಕಿಕೊಂಡು ಅವಳು ಕೆಲಸ ಮಾಡುವ ಆಸ್ಪತ್ರೆಗೇ ತಂದ.

ರಕ್ತದ ವರದಿ ಬಂದಾಗ ವಿಜಯಶ್ರೀ ಲ್ಯಾಬಿನಲ್ಲೇ ಇದ್ದಳು. ಹೆಪಟೈಟಿಸ್ ಬಿ. ಲಸಿಕೆಯಿಂದ ಬರಬೇಕಾಗಿದ್ದ ರಕ್ಷಣೆ ಸೊನ್ನೆ.

ಕೆಲವರ ಮೈಗೆ ಲಸಿಕೆ ಹತ್ತುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹಾಗೇ ಇರಬಹುದು ಎಂದು ಒಂದು ದಿನ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಮರುದಿನ ಸುವರ್ಣಾಳ ರಕ್ತ ತೆಗೆದು ಲ್ಯಾಬಿನ ಗೆಳತಿಯಿಂದ ನೋಡಿಸಿದಳು. ಅವಳಲ್ಲೂ ರಕ್ಷಣೆ ಇರಲಿಲ್ಲ. ಇನ್ನೂ ನಾಲ್ಕಾರು ಮಂದಿಯದು ನೋಡಿಸಿದಳು. ಒಬ್ಬರಲ್ಲೂ ಇರಲಿಲ್ಲ.

ಅವಳು ಅಮರಯ್ಯನನ್ನು ಹುಡುಕಿಕೊಂಡು ನೆಲಮಾಳಿಗೆಗೆ ಹೋದಳು.

"ಲಸಿಕೆ ಎಲ್ಲಿ ಇಡ್ತಿದ್ರಿ ಅಮರಯ್ಯ?"

"ಇಲ್ಲೇ ನಮ್ಮ ಫ್ರಿಜ್ಜಿನ್ಯಾಗರಿ. ಪ್ರಾಣೇಶ ಸಾಹೇಬ್ರು ಕೆಳಗ ಇಡಿಸು ಅಂದ್ರು." ಅವನು ಬಟ್ಟೆಯ ರಾಶಿಯ ಹಿಂದೆ ನಿಂತಿದ್ದ ಹಳೆಯ ಫ್ರಿಜ್ಜಿನ ಬಾಗಿಲು ತೆರೆದ. ಮೇಲಿನ ಐಸಿನ ಖಾನೆಯಲ್ಲಿ, ಡಾಕ್ಟರುಗಳ ಪಾರ್ಟಿಯಲ್ಲಿ ಉಳಿದ ಐಸ್‌ಕ್ರೀಮ್ ಡಬ್ಬಗಳ ನಡುವೆ, ಮಿಕ್ಕ ಲಸಿಕೆಯ ಒಂದು ಪೊಟ್ಟಣ ಹಿಮ ಕಟ್ಟಿಕೊಂಡು ಕೂತಿತ್ತು. "ತಣ್ಣಗ ಇಡಬೇಕು ಅಂತ ಸಾಹೇಬ್ರೇ ಅಂದಿದ್ರರಿ. ಅದಕ ಐಸಿನ ಖಾನೇದಾಗ ಇಟ್ಟೆ. ಲಸಿಕಿ ಹಾಕೋ ದಿನ ಮುಂಜಾನೆ ಹೊರಗ ತಗದು ಇಡ್ತಿದ್ದೆ. ಯಾಕರಿ, ಏನಾತು?"

ಈ ಲಸಿಕೆ ತಂಪಿನಲ್ಲಿ ಇರಬೇಕು, ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿದರೆ ಅದು ಸತ್ತಂತೆ. ಅದನ್ನು ಯಾರೂ ಅಮರಯ್ಯನಿಗೆ ಹೇಳಿರಲಿಲ್ಲ. ಅವಳು ಆ ಪೊಟ್ಟಣದಿಂದ ಒಂದು ಸೀಸೆ, ಔಷಧಿ ಅಂಗಡಿಯಿಂದ ಒಂದು ಸೀಸೆ ತಂದಳು. ಹೆಪ್ಪು ಕರಗುವವರೆಗೆ ಕಾದು ಎರಡನ್ನೂ ಕುಲುಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಅಂಗಡಿಯದು ತೆಳು ಹಾಲಿನ ಹಾಗೆ ಬೆಳ್ಳಗೇ ಉಳಿಯಿತು. ಇನ್ನೊಂದರಲ್ಲಿ ಸ್ವಲ್ಪ ಹೊತ್ತಿನಲ್ಲೇ ಬಿಳಿಯ ಚೂರುಗಳು ಒಡೆದ ಹಾಲಿನಂತೆ ತಳಕ್ಕೆ ಇಳಿದು, ಮೇಲೆ ನೀರು ನಿಂತಿತು. ಲಸಿಕೆ ಹಾಕಿದ ದಿನಗಳಲ್ಲಿ ತಾನು ಒಂದು ಸೀಸೆಯನ್ನಾದರೂ ಹೀಗೆ ಬೆಳಕಿಗೆ ಹಿಡಿದು ನೋಡಿದ್ದೆನೇ ಎಂದು ನೆನೆಸಿಕೊಂಡಳು. ಸಾಲು ಉದ್ದವಿತ್ತು. ಎಲ್ಲರೂ ಕೆಲಸ ಬಿಟ್ಟು ಬಂದಿದ್ದರು. ಕುಲುಕಿ, ಎಳೆದು, ಚುಚ್ಚಿ ಕಳಿಸಿದ್ದಳು.

ಎರಡೂ ಸೀಸೆಗಳನ್ನು ಹಿಡಿದುಕೊಂಡು ಪ್ರಾಣೇಶನ ಕೋಣೆಗೆ ಹೋದಳು. ಅವನು ನೋಡಿದ, ಪೂರ್ತಿ ಕೇಳಿಸಿಕೊಂಡ, ಚಹಾ ತರಿಸಿದ.

"ಯಾರಿಗೆ ಹೇಳೀರಿ ಇದನ್ನ?"

"ಇನ್ನೂ ಯಾರಿಗೂ ಹೇಳಿಲ್ಲರಿ. ಎಲ್ಲಾರಿಗೂ ಹೇಳಬೇಕು ಸರ್. ಅವರು ತಮಗ ರಕ್ಷಣೆ ಐತಿ ಅಂತ ತಿಳ್ಕೊಂಡು ಬರೇ ಕೈಲೆ ಚೀಲ ಎತ್ತಾಕತ್ತಾರ. ಮತ್ತ ಹೊಸದಾಗಿ ಮೂರೂ ಡೋಸ್ ಹಾಕಬೇಕು."

"ಹಾಕೋಣ. ಯಾರು ಬ್ಯಾಡ ಅಂದಾರ? ಬೂಸ್ಟರ್ ಅಂತ ಹೇಳಿ ಹಾಕೋಣ. ಮುಂದಿನ ತಿಂಗಳ ತಪಾಸಣೆ ಅದ. ಅದು ಮುಗೀಲಿ."

"ತಪಾಸಣೆ ತನಕಾ ಇನ್ನೊಬ್ಬರಿಗೆ ಚುಚ್ಚಿದ್ರ?"

ಪ್ರಾಣೇಶ ಸೀಸೆಯನ್ನು ಎತ್ತಿ ತಿರುಗಿಸಿ ನೋಡಿದ. "ನಾಕು ವರ್ಷದಿಂದ ಇಲ್ಲಿದ್ದೀರಿ ಸಿಸ್ಟರ್. ಲಸಿಕೆಯ ಜವಾಬ್ದಾರಿ ಯಾರದು ಅಂತ ಕಾಗದದಾಗ ಅದ. ಸ್ವಲ್ಪ ವಿಚಾರ ಮಾಡ್ರಿ," ಎಂದ. ಬೈಯುವ ಧಾಟಿ ಇರಲಿಲ್ಲ. ಮನೆಯವರಿಗೆ ಬುದ್ಧಿ ಹೇಳುವ ಹಾಗೆ ಹೇಳಿದ.

ಅವಳು ವಿಚಾರ ಮಾಡಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ನೆಲಮಾಳಿಗೆಗೆ ಇಳಿದು ಎಲ್ಲರೆದುರು ಹೇಳಿಬಿಟ್ಟಳು. ಹಾಕಿದ ಲಸಿಕೆ ಕೆಟ್ಟಿತ್ತು, ನಿಮಗೆ ರಕ್ಷಣೆ ಇಲ್ಲ, ಕೈಗವಸು ಇಲ್ಲದೆ ಏನನ್ನೂ ಮುಟ್ಟಬೇಡಿ, ಒಳ್ಳೆಯ ಲಸಿಕೆ ಮತ್ತೆ ಹಾಕಿಸುತ್ತೇನೆ. ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು. ಸುವರ್ಣಾ ಮಾತ್ರ ಕೇಳಿದಳು:

"ಮ್ಯಾಲಿನವರಿಗೆ ಹಾಕಿದ್ದೇ ನಮಗೂ ಹಾಕ್ತೀನಿ ಅಂದಿದ್ರಿ ಅಕ್ಕಾರ."

ಮೂರನೆಯ ದಿನ ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರರ ಕೋಣೆಯಲ್ಲಿ ವಿಚಾರಣೆ ಕರೆದರು. ಲಸಿಕೆಯನ್ನು ಕೆಳಗಿನ ಫ್ರಿಜ್ಜಿನಲ್ಲಿ ಇಡಲು ಯಾರು ಹೇಳಿದರು ಎಂಬುದಷ್ಟೇ ಪ್ರಶ್ನೆ. ಮೊದಲು ಅಮರಯ್ಯನನ್ನು ಕೇಳಿದರು. ಅವನು ನೆಲ ನೋಡುತ್ತ, "ಸಿಸ್ಟರ್ ಅವರು ಹೇಳಿದ್ರು," ಎಂದ. ವಿಜಯಶ್ರೀ ಅದನ್ನು ನಿರೀಕ್ಷಿಸಿದ್ದಳು. ಅವನ ನೌಕರಿ ಪ್ರಾಣೇಶನ ಕೈಯಲ್ಲಿತ್ತು. ಆಮೇಲೆ ಬಾಗಿಲು ತೆರೆದು ಗಾಲಿಕುರ್ಚಿಯಲ್ಲಿ ಗದಿಗೆಮ್ಮನನ್ನು ತಂದರು. ಮಾತಿನ ತೊದಲು ಹೋಗಿತ್ತು, ಹಳದಿ ಇಳಿದಿರಲಿಲ್ಲ. ಹೊಟ್ಟೆ ಉಬ್ಬಿತ್ತು, ತೋಳುಗಳು ಕಡ್ಡಿಯಾಗಿದ್ದವು. ಕುರ್ಚಿಯ ಹಿಂದೆ ತಾಯಪ್ಪ ಹೊಸ ಸೆಕ್ಯುರಿಟಿ ಅಂಗಿ ತೊಟ್ಟು ನಿಂತಿದ್ದ. ಅಂಗಿಯ ಮಡಿಕೆಗಳು ಇನ್ನೂ ಬಿಚ್ಚಿರಲಿಲ್ಲ.

"ಏನಮ್ಮ, ನಿನಗ ಗೊತ್ತಿದ್ದದ್ದು ಹೇಳು. ಹೆದರಬ್ಯಾಡ," ಎಂದ ಪ್ರಾಣೇಶ.

"ಸಿಸ್ಟರ್ ಅವರು ಇದನ್ನ ಕೆಳಗ ಐಸಿನ್ಯಾಗ ಇಡು ಅಂತ ಅಮರಯ್ಯಗ ಹೇಳಿದ್ದು ನಾ ಕೇಳೀನ್ರಿ," ಎಂದಳು ಗದಿಗೆಮ್ಮ.

ದೊಡ್ಡ ಡಾಕ್ಟರರು ಕನ್ನಡ ಬಾರದವರು. ಪ್ರಾಣೇಶ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ವಿಜಯಶ್ರೀ ಬಾಯಿ ತೆರೆದಳು. ತಾಯಪ್ಪನ ಅಂಗಿಯ ಮಡಿಕೆಗಳು ಕಂಡವು, ಬಾಯಿ ಮುಚ್ಚಿದಳು.

ಸಂಜೆ ಅವಳು ವಾರ್ಡಿಗೆ ಹೋದಳು. ಗದಿಗೆಮ್ಮನಿಗೆ ಪ್ರತ್ಯೇಕ ಕೋಣೆ ಕೊಟ್ಟಿದ್ದರು. ಏಸಿ ಇತ್ತು. ಅವಳು ಗುಡಿಸಿದ್ದ ಕೋಣೆಗಳಲ್ಲೇ ಒಂದು. ತಾಯಪ್ಪ ಕೆಳಗೆ ಗೇಟಿನಲ್ಲಿ ಡ್ಯೂಟಿಯಲ್ಲಿದ್ದ.

ಗದಿಗೆಮ್ಮ ಅವಳನ್ನು ಕಂಡು ಮುಖ ತಿರುಗಿಸಲಿಲ್ಲ.

"ನಾ ಸುಳ್ಳ ಹೇಳೀನಂತ ನನಗ ಗೊತ್ತೈತಿ ಅಕ್ಕಾರ. ಹೇಳಿದ್ರ ಔಷಧ ಎಲ್ಲಾ ಅವರೇ ನೋಡ್ಕೊಂತಾರಂತ. ನಮ್ಮ ಮನಿಯವರಿಗೂ ಕೆಲಸ ಕೊಟ್ಟಾರ. ಇಲ್ಲಾಂದ್ರ ದೊಡ್ಡ ಸರ್ಕಾರಿ ದವಾಖಾನಿಗೆ ಒಯ್ಯಿರಿ, ನಮಗೂ ನಿಮಗೂ ಸಂಬಂಧ ಇಲ್ಲ ಅಂದ್ರು."

"ತಿಳೀತು ಗದಿಗೆಮ್ಮ."

"ತಿಳೀತು ಅನಬ್ಯಾಡ್ರಿ." ಅವಳ ದನಿ ಕ್ಷೀಣವಾಗಿತ್ತು, ಆದರೂ ಅದರಲ್ಲಿ ಹಳೆಯ ಜಗಳಗಂಟಿತನ ಉಳಿದಿತ್ತು. "ನಂದು ಪೂರಾ ಸುಳ್ಳೂ ಅಲ್ಲ. ಚುಚ್ಚಿದವರು ನೀವು. ಸಾಹೇಬ್ರು ಚುಚ್ಚಲಿಲ್ಲ, ಅಮರಯ್ಯ ಚುಚ್ಚಲಿಲ್ಲ. ನಾ ಅವರ್ಯಾರನ್ನೂ ನಂಬಿ ತೋಳು ಕೊಟ್ಟಿದ್ದಿಲ್ಲ. ನೀವು ಹಾಕದೇ ಇದ್ದಿದ್ರ, ಸೂಜಿ ಚುಚ್ಚಿದ ದಿನ ನಾ ಹೆದರಿಕೊಂಡು ನಿಮ್ಮ ಕಡೆ ಓಡಿ ಬರ್ತಿದ್ದೆ."

ವಿಜಯಶ್ರೀ ಸಲೈನಿನ ಬಾಟಲಿಯನ್ನು ನೋಡಿದಳು, ಅದು ಸರಿಯಾಗೇ ಇಳಿಯುತ್ತಿತ್ತು. ಹೊರಗೆ ಬಂದಳು.

ಪ್ರಾಣೇಶ ರಾಜೀನಾಮೆಯ ಕಾಗದ ತಯಾರಿಟ್ಟಿದ್ದ. ಲಸಿಕೆಯ ಸಂಗ್ರಹದಲ್ಲಿ ತನ್ನಿಂದ ಲೋಪವಾಗಿದೆ ಎಂದು ಅವಳು ಒಪ್ಪಿಕೊಂಡರೆ ಅನುಭವದ ಪತ್ರ ಕೊಡುತ್ತೇವೆ, ದೂರು ಎಲ್ಲಿಗೂ ಹೋಗುವುದಿಲ್ಲ ಎಂದ. ವಿಜಯಶ್ರೀ ಪೆನ್ನು ಮುಟ್ಟದೆ ಕೂತಳು.

"ನಾ ಸಹಿ ಮಾಡ್ತೀನಿ. ನನಗ ಅನುಭವದ ಪತ್ರ ಬ್ಯಾಡ. ಕೆಳಗಿನವರೆಲ್ಲರಿಗೂ ಔಷಧಿ ಅಂಗಡಿ ಫ್ರಿಜ್ಜಿನ ಲಸಿಕೆ, ಮೂರೂ ಡೋಸ್, ನಾಳೆಯಿಂದಲೇ. ಮತ್ತ ಗದಿಗೆಮ್ಮನ ಚಿಕಿತ್ಸೆ ನಡುವ ನಿಲ್ಲಬಾರದು."

"ನಾಳೆನೇ ಶುರು ಮಾಡಸ್ತೀನಿ. ನನ್ನ ಮಾತು."

"ತಾಯಾಣೆ ಹೇಳ್ರಿ."

ಪ್ರಾಣೇಶನಿಗೆ ಅದು ಹಿಡಿಸಲಿಲ್ಲ. ಕನ್ನಡಕ ತೆಗೆದು ಒರೆಸಿದ. "ಏನ್ರಿ ಸಿಸ್ಟರ್, ಹಳ್ಳಿಯವರಂಗ. ಮಾತು ಅಂದ್ರ ಮಾತು," ಎಂದ.

ಅವಳು ಸಹಿ ಹಾಕಿದಳು. ಮರುದಿನ ಬೆಳಿಗ್ಗೆ ನಿಜವಾಗಿಯೂ ಲಸಿಕೆ ಹಾಕಿದರು. ಅದನ್ನು ಲ್ಯಾಬಿನ ಗೆಳತಿ ಫೋನ್ ಮಾಡಿ ತಿಳಿಸಿದಳು. ಕೆಲವರು ಬೇಡವೆಂದು ಹಟ ಹಿಡಿದರಂತೆ, ಹಾಕಿಸಿಕೊಳ್ಳದವರಿಗೆ ಪಗಾರ ಇಲ್ಲ ಎಂದ ಮೇಲೆ ಸಾಲಿನಲ್ಲಿ ನಿಂತರಂತೆ. ವಿಜಯಶ್ರೀಗೆ ಅವತ್ತು ಮಧ್ಯಾಹ್ನ ಬಹಳ ದಿನಗಳ ಮೇಲೆ ನಿದ್ದೆ ಬಂತು.

ಕೆಲಸ ಸಿಗುವುದು ಕಷ್ಟವಾಯಿತು. ಲಸಿಕೆ ಕೆಡಿಸಿದ ನರ್ಸ್ ಎಂಬ ಮಾತು ಅವಳಿಗಿಂತ ಮೊದಲು ಆಸ್ಪತ್ರೆಗಳನ್ನು ತಲುಪಿರುತ್ತಿತ್ತು. ಕೊನೆಗೆ ಅಬಿಡ್ಸ್‌ನ ಒಂದು ಗಲ್ಲಿಯಲ್ಲಿ, ಹಳೆಯ ಪುಸ್ತಕದ ಅಂಗಡಿಗಳ ಹಿಂದೆ, ವಯಸ್ಸಾದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ಇನ್ನೊಬ್ಬ ನರ್ಸ್ ಮಧುರಾ ಎಂಬ ಚಿಕ್ಕ ವಯಸ್ಸಿನವಳು. ಯಾರೂ ಏನನ್ನೂ ಕೇಳಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅಬಿಡ್ಸ್‌ನ ಪೋಸ್ಟಾಫೀಸಿನ ಎದುರು ಬಸ್ಸಿಗೆ ನಿಂತಿದ್ದ ಸುವರ್ಣಾ ಕಂಡಳು. ಅವಳೇ ಮೊದಲು ನೋಡಿ ಬೇರೆ ಕಡೆ ತಿರುಗಿದ್ದಳು. ವಿಜಯಶ್ರೀ ಹತ್ತಿರ ಹೋದಳು.

"ಹೆಂಗಿದ್ದಾಳ ಗದಿಗೆಮ್ಮ?"

"ಅದಾಳರಿ. ಕಣ್ಣು ತಿಳಿ ಆಗ್ಯಾವ. ಆದ್ರ ರೋಗ ರಕ್ತದಾಗ ಕೂತೈತಂತ, ಹೋಗೂದಿಲ್ಲಂತ. ಜೀವ ಇರೂ ತನಕಾ ತೋರಿಸ್ಕೊಂತ ಇರಬೇಕಂತ. ಯಾವ ದವಾಖಾನ್ಯಾಗೂ ಕೆಲಸಕ ತಗೊಳ್ಳಾಕತ್ತಿಲ್ಲ. ಫಂಕ್ಷನ್ ಹಾಲಿನ್ಯಾಗ ಭಾಂಡೆ ತಿಕ್ಕಾಕ ಹೊಕ್ಕಾಳ."

"ಔಷಧ?"

"ತಪಾಸಣೆ ಮುಗಿಯೂ ತನಕಾ ಕೊಟ್ರು. ಆಮ್ಯಾಲ ಏಜೆನ್ಸಿ ಬದಲಿ ಮಾಡಿದ್ರು. ನಮ್ಮನ್ನೆಲ್ಲಾ ತಗದ್ರು, ನಮ್ಮಣ್ಣನ್ನೂ ತಗದ್ರು."

"ಹೊಸ ಲಸಿಕೆ ಎಷ್ಟು ಆಗಿದ್ವು ನಿಮಗ?"

"ಒಂದ. ಎರಡನೇದಕ್ಕ ನಾವು ಅಲ್ಲಿ ಇದ್ದಿದ್ದೇ ಇಲ್ಲ."

"ಈಗ ಬಂದ ಹೊಸಬರಿಗೆ?"

"ಅವರಿಗ್ಯಾರು ಹಾಕ್ತಾರರಿ? ತಪಾಸಣೆ ಪಾಸಾತಲ್ಲ. ಗೇಟಿನ ಮ್ಯಾಲ ದೊಡ್ಡ ಬೋರ್ಡ್ ಹಾಕ್ಯಾರ."

ಸುವರ್ಣಾ ಈಗ ಕಾಚಿಗೂಡದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕಸ ಎತ್ತುತ್ತಿದ್ದಳು. ಅಲ್ಲಿಯೂ ಸೂಜಿಗಳಿದ್ದವು, ರಕ್ತವಿತ್ತು. ವಿಜಯಶ್ರೀ ಅವಳ ಕೈ ಹಿಡಿದಳು. "ಬಾ ಇಲ್ಲಿ. ಇಲ್ಲೇ ಹಿಂದ ನಮ್ಮ ಕ್ಲಿನಿಕ್ ಐತಿ. ಒಳ್ಳೇ ಫ್ರಿಜ್ಜಿನ್ಯಾಗಿನ ಲಸಿಕೆ. ಎರಡನೇದು ಈಗ ಹಾಕಿ ಕಳಸ್ತೀನಿ."

ಸುವರ್ಣಾ ಕೈ ಬಿಡಿಸಿಕೊಳ್ಳಲಿಲ್ಲ. ಬಸ್ಸು ಬಂತು, ಹೋಯಿತು. ಆಮೇಲೆ ಮೆಲ್ಲಗೆ ಹಿಂದೆ ಬಂದಳು. ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ನಿಂತಳು.

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಬ್ಯಾರೇದವರು ಯಾರರ ಹಾಕ್ತಾರೇನು?"

"ಹಾಕ್ತಾರ," ಎಂದಳು ವಿಜಯಶ್ರೀ.

ಒಳಗೆ ಹೋಗಿ ಮಧುರಾಳಿಗೆ ತೆಲುಗಿನಲ್ಲಿ ಹೇಳಿದಳು. ಮಧುರಾ ಸೀಸೆ ತೆಗೆದು ಸುವರ್ಣಾಳನ್ನು ಪರದೆಯ ಆಚೆ ಕೂರಿಸಿದಳು. ವಿಜಯಶ್ರೀ ಈಚೆಗೆ ನಿಂತಿದ್ದಳು. ಎಲ್ಲಿಯವರು, ಎಷ್ಟು ಮಕ್ಕಳು ಎಂದು ಮಧುರಾ ಕೇಳುತ್ತಿದ್ದದ್ದು, ಸುವರ್ಣಾ ಹರಕು ತೆಲುಗಿನಲ್ಲಿ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

ತೋಳಿಗೆ ಹತ್ತಿ ಒತ್ತಿಕೊಂಡು ಸುವರ್ಣಾ ಹೊರಗೆ ಬಂದಳು. ಮೂರನೆಯದಕ್ಕೆ ಯಾವಾಗ ಬರಬೇಕೆಂದು ವಿಜಯಶ್ರೀ ಹೇಳಿದಳು, ಮರೆಯಬೇಡ ಎಂದಳು.

"ನೋಡೂಣ್ರಿ," ಎಂದು ಸುವರ್ಣಾ ಚಪ್ಪಲಿ ಮೆಟ್ಟಿಕೊಂಡಳು. ಗಲ್ಲಿ ದಾಟಿ ಬಸ್ ನಿಲ್ದಾಣದ ಕಡೆಗೆ ಬೇಗ ಬೇಗ ನಡೆದುಹೋದಳು.